ಟೈಮ್ಸ್ ನ್ಯೂ ರೋಮನ್ ಬಿಡಬೇಕೇ, ಇಟ್ಟುಕೊಳ್ಳಬೇಕೇ?

ಪ್ರಶ್ನೆ: ನಾನು ಶಿರಸಿಯವಳು, ನಿವೃತ್ತ ಶಿಕ್ಷಕಿ. ನಮ್ಮ ಅಪ್ಪಯ್ಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಸುತ್ತಲಿನ ಊರುಗಳ ಗಾದೆಗಳನ್ನು ಸಂಗ್ರಹಿಸಿ, ಒಂದೊಂದಕ್ಕೂ ಇಂಗ್ಲಿಷಿನಲ್ಲಿ ವಿವರಣೆ ಬರೆದಿಟ್ಟಿದ್ದರು. ಈಗ ಅದನ್ನು ಪುಸ್ತಕ ಮಾಡಿಸುತ್ತಿದ್ದೇವೆ. ಡೆಮಿ 1/8, 240 ಪುಟ, 300 ಪ್ರತಿ. ಡಿಟಿಪಿಯವರು (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು) ಕನ್ನಡವನ್ನು ನುಡಿ ತಂತ್ರಾಂಶದ ಫಾಂಟಿನಲ್ಲಿ, ಇಂಗ್ಲಿಷನ್ನು ಟೈಮ್ಸ್ ನ್ಯೂ ರೋಮನ್ ಎಂಬ ಫಾಂಟಿನಲ್ಲಿ ಮಾಡಿದ್ದಾರೆ. ಪ್ರೂಫ್ ನೋಡಿದರೆ ಇಂಗ್ಲಿಷ್ ಭಾಗ ತೆಳ್ಳಗೆ, ಮಂಕಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುವ ಅಣ್ಣನ ಮಗ, "ಅತ್ತೆ, ಅದು ಆಫೀಸ್ ಫೈಲಿನ ಫಾಂಟು, ಸೆರಿಫ್ ಇಲ್ಲದ್ದು ಹಾಕಿಸಿ" ಅನ್ನುತ್ತಾನೆ. ಸೆರಿಫ್ ಅಂದರೆ ಅಕ್ಷರದ ತುದಿಯಲ್ಲಿರುವ ಪುಟ್ಟ ಪಾದವಂತೆ. ಇನ್ನೊಬ್ಬರು, ಸೆರಿಫ್ ಇದ್ದರೇ ವಯಸ್ಸಾದವರ ಕಣ್ಣಿಗೆ ಒಳ್ಳೆಯದು, ಆದರೆ ಗ್ಯಾರಮಾಂಡ್ ಎಂಬ ಫಾಂಟ್ ಹಾಕಿ ಅಂತಾರೆ. ಟೈಮ್ಸ್‌ನಲ್ಲಿ ಅಚ್ಚು ಹಾಕಿ ಪುಸ್ತಕ ಮಾರುವುದಕ್ಕೆ ಕಂಪನಿಗೆ ದುಡ್ಡು ಕಟ್ಟಬೇಕು ಅಂತಲೂ ಒಬ್ಬರು ಹೆದರಿಸಿದ್ದಾರೆ. ಡಿಟಿಪಿಯವರು, ಈಗ ಫಾಂಟ್ ಮುಟ್ಟಿದರೆ ಎಲ್ಲ ಕೆಡುತ್ತದೆ ಅನ್ನುತ್ತಾರೆ. ಅಪ್ಪಯ್ಯನ ಗೆಳೆಯರು, ಶಿಷ್ಯರು ಹೆಚ್ಚಿನವರು ಎಪ್ಪತ್ತು ದಾಟಿದವರು. ಅವರು ಸುಲಭವಾಗಿ ಓದುವ ಹಾಗಾಗಬೇಕು. ಏನು ಮಾಡಲಿ?

ಉತ್ತರ: ತಂದೆಯವರ ಇಡೀ ಜೀವಮಾನದ ಕೆಲಸ ಅಚ್ಚಿಗೆ ಹೋಗುತ್ತಿದೆ. ಅದು ಓದುವವರ ಕೈಯಲ್ಲಿ ಮಂಕಾಗಿ ಕಂಡರೆ ಅನ್ನುವುದೇ ನಿಮ್ಮ ನಿಜವಾದ ಚಿಂತೆ, ಅಲ್ವಾ? ಡಿಟಿಪಿಯವರನ್ನು ಬಿಟ್ಟರೆ ನಿಮ್ಮ ಸುತ್ತಲಿನವರೆಲ್ಲ ಫಾಂಟ್ ಬದಲಿಸಿದರೆ ಸರಿಹೋಗುತ್ತದೆ ಅಂತ ಒಪ್ಪಿಕೊಂಡಿದ್ದಾರೆ. ಯಾವುದಕ್ಕೆ ಬದಲಿಸಬೇಕು ಅನ್ನುವುದರಲ್ಲಿ ಮಾತ್ರ ಅವರಿಗೆ ಭಿನ್ನಾಭಿಪ್ರಾಯ. ನಾನು ಪುಸ್ತಕಗಳ ಒಳಪುಟ ವಿನ್ಯಾಸ ಮಾಡುವವನು. ನನ್ನ ಅನುಭವ ಬೇರೆಯೇ ಹೇಳುತ್ತದೆ. ನಿಮ್ಮ ಪ್ರೂಫು ಮಂಕಾಗಲು ಟೈಮ್ಸ್ ಸ್ವಲ್ಪ ಕಾರಣ ಇರಬಹುದು. ಹೆಚ್ಚಿನ ಕಾರಣ ಅದನ್ನು ಎಷ್ಟು ದೊಡ್ಡದಾಗಿ, ಎಷ್ಟು ಅಗಲದ ಸಾಲಿನಲ್ಲಿ, ಯಾವ ಕನ್ನಡ ಅಕ್ಷರದ ಪಕ್ಕದಲ್ಲಿ ಕೂರಿಸಿದ್ದಾರೆ, ಫೈಲು ಪ್ರೆಸ್ಸಿಗೆ ಹೇಗೆ ಹೋಗಿದೆ ಅನ್ನುವುದರಲ್ಲಿದೆ. ಇವನ್ನು ಸರಿಮಾಡದೆ ಗ್ಯಾರಮಾಂಡ್ ಹಾಕಿಸಿದರೆ ಈಗಿನದಕ್ಕಿಂತ ಇನ್ನೂ ಮಂಕಾಗುತ್ತದೆ.

ಈ ಅಕ್ಷರ ಯಾವ ಕೆಲಸಕ್ಕೆ ಹುಟ್ಟಿತು ಅಂತ ಗೊತ್ತಾದರೆ ಅದರ ಗುಣದೋಷ ಎರಡೂ ತಿಳಿಯುತ್ತದೆ. 1929ರಲ್ಲಿ ಸ್ಟ್ಯಾನ್ಲಿ ಮಾರಿಸನ್ ಎಂಬವರು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ಮುದ್ರಣ ಚೆನ್ನಾಗಿಲ್ಲ ಅಂತ ಟೀಕಿಸಿದರು. ಅವರು ಅಚ್ಚಿನ ಅಕ್ಷರ, ಯಂತ್ರ ಮಾಡುವ ಮಾನೊಟೈಪ್ ಕಂಪನಿಯ ಸಲಹೆಗಾರರು. ಪತ್ರಿಕೆಯವರು ಅವರನ್ನೇ ಕರೆದು, ಹೊಸ ಅಕ್ಷರ ಮಾಡಿಕೊಡಿ ಅಂದರು. ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಚಿತ್ರ ಬರೆಯುತ್ತಿದ್ದ ವಿಕ್ಟರ್ ಲಾರ್ಡೆಂಟ್ ಅಕ್ಷರಗಳನ್ನು ಬಿಡಿಸಿದರು. ಮಾನೊಟೈಪ್ 1913ರಲ್ಲಿ ತಂದಿದ್ದ ಪ್ಲಾಂಟಿನ್ ಎಂಬ ಅಕ್ಷರ ಇದಕ್ಕೆ ಮಾದರಿ. ಆ ಪ್ಲಾಂಟಿನ್ನಿನ ಮೂಲ 16ನೇ ಶತಮಾನದ ಫ್ರೆಂಚ್ ಅಕ್ಷರ ಕೆತ್ತನೆಗಾರ ರಾಬರ್ಟ್ ಗ್ರಾನ್‌ಜಾನ್ ಅವರ ಅಚ್ಚುಮೊಳೆಗಳಲ್ಲಿದೆ. 1932ರ ಅಕ್ಟೋಬರ್ 3ರಂದು ಹೊಸ ಅಕ್ಷರದಲ್ಲಿ ಪತ್ರಿಕೆ ಹೊರಬಂತು. ಒಂದು ವರ್ಷ ಪತ್ರಿಕೆಯೊಂದೇ ಬಳಸಿತು. ಆಮೇಲೆ ಎಲ್ಲ ಪ್ರೆಸ್ಸುಗಳಿಗೂ ಮಾರಾಟವಾಯಿತು. ಪತ್ರಿಕೆ ಅದನ್ನು 1972ರವರೆಗೂ ಇಟ್ಟುಕೊಂಡಿತ್ತು.

ಪತ್ರಿಕೆಗೆ ಬೇಕಿದ್ದದ್ದೇನು? ಕಾಲಂ ಕಿರಿದು, ಸುದ್ದಿ ಜಾಸ್ತಿ. ಕಡಿಮೆ ಜಾಗದಲ್ಲಿ ಹೆಚ್ಚು ಪದ ಹಿಡಿಸಬೇಕು, ಆದರೆ ಅಕ್ಷರ ಚಿಕ್ಕದಾಯಿತು ಅಂತ ಅನ್ನಿಸಬಾರದು. ಹಾಗಾಗಿ ಟೈಮ್ಸ್‌ನ ಅಕ್ಷರಗಳು ಅಗಲದಲ್ಲಿ ಕಿರಿದು. ಸಣ್ಣಕ್ಷರಗಳ ಹೊಟ್ಟೆ ಭಾಗ, ಅಂದರೆ ಇಂಗ್ಲಿಷಿನ ಎ, ಇ, ಒ, ಎನ್ ಇವುಗಳ ಎತ್ತರ, ದೊಡ್ಡದು. ಮೇಲಕ್ಕೆ ಚಾಚುವ ಕೊಂಬು, ಕೆಳಕ್ಕೆ ಇಳಿಯುವ ಬಾಲ ಗಿಡ್ಡ. ನಿಂತ ಗೆರೆ ದಪ್ಪ, ಅಡ್ಡ ಹೋಗುವ ಗೆರೆ ತೀರ ತೆಳು. ತುದಿಯಲ್ಲಿ ಚೂಪಾದ ಸೆರಿಫ್, ಅಂದರೆ ಅಕ್ಷರದ ಕಾಲಿಗೆ ಸಿಕ್ಕಿಸಿದ ಪುಟ್ಟ ಪಾದ. ಈ ತೆಳು ಗೆರೆ, ಚೂಪು ಪಾದಗಳ ಬಗ್ಗೆ ಮುಂದೆ ಹೇಳುತ್ತೇನೆ. ನಿಮ್ಮ ಸಮಸ್ಯೆಗೆ ಅದೂ ಒಂದು ಕಾರಣ.

"ಆಫೀಸ್ ಫೈಲಿನ ಫಾಂಟು" ಅನ್ನುವ ಮಾತು ಸುಳ್ಳಲ್ಲ. ಆದರೆ ಅದು ಅಕ್ಷರದ ತಪ್ಪಲ್ಲ. 1985ರಲ್ಲಿ ಬಂದ ಆಪಲ್ ಲೇಸರ್ ಪ್ರಿಂಟರಿನೊಳಗೆ ಲೈನೊಟೈಪ್ ಎಂಬ ಇನ್ನೊಂದು ಕಂಪನಿ ಮಾಡಿದ ಇದರ ರೂಪ ಇತ್ತು. 1992ರಲ್ಲಿ ವಿಂಡೋಸ್ 3.1ರ ಜೊತೆ ಟೈಮ್ಸ್ ನ್ಯೂ ರೋಮನ್ ಬಂತು. ಮೈಕ್ರೋಸಾಫ್ಟ್ ವರ್ಡ್ ತೆರೆದರೆ 2007ಕ್ಕೆ ಮೊದಲು ತಾನಾಗಿ ಬರುತ್ತಿದ್ದ ಅಕ್ಷರ ಇದೇ. ಕನ್ನಡದ ಡಿಟಿಪಿ ಬೆಳೆದದ್ದೂ ಅದೇ ಕಾಲದಲ್ಲಿ. ಹೀಗಾಗಿ ನಮ್ಮ ಕನ್ನಡ ಪುಸ್ತಕಗಳಲ್ಲಿ ನಡುವೆ ಬರುವ ಇಂಗ್ಲಿಷೆಲ್ಲ ಯಾರೂ ಆರಿಸದೆಯೇ ಟೈಮ್ಸ್ ಆಗಿಬಿಟ್ಟಿತು. ಅಣ್ಣನ ಮಗನಿಗೆ ಬೇಸರ ತಂದಿರುವುದು ಇದೇ ಅಂತ ನನ್ನ ಊಹೆ. ಆರಿಸಿಕೊಂಡ ಅಕ್ಷರಕ್ಕೂ, ಸುಮ್ನೆ ಬಂದು ಕೂತ ಅಕ್ಷರಕ್ಕೂ ವ್ಯತ್ಯಾಸ ಕಾಣುತ್ತದೆ. ಅವರ ಕಣ್ಣು ಅದನ್ನು ಸರಿಯಾಗಿಯೇ ಗುರುತಿಸಿದೆ. ಮದ್ದು ಮಾತ್ರ ಬೇರೆ ಇದೆ.

ಎ4 ಹಾಳೆಯಲ್ಲಿ ನಾಲ್ಕೂ ಕಡೆ ಒಂದೊಂದು ಇಂಚು ಬಿಟ್ಟು, 12 ಪಾಯಿಂಟಿನಲ್ಲಿ (ಪಾಯಿಂಟ್ ಅಂದರೆ ಅಕ್ಷರದ ಗಾತ್ರದ ಅಳತೆ) ಟೈಮ್ಸ್ ಟೈಪ್ ಮಾಡಿ ನೋಡಿ. ಒಂದು ಸಾಲಿಗೆ ಹತ್ತಿರ ಹತ್ತಿರ 90 ಅಕ್ಷರ ಹಿಡಿಯುತ್ತದೆ. ಓದುವ ಕಣ್ಣಿಗೆ ಸಾಲಿಗೆ 45ರಿಂದ 75 ಅಕ್ಷರ ಹಿತ ಅಂತ ಪುಸ್ತಕ ಮಾಡುವವರು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. 90 ಆದಾಗ ಸಾಲಿನ ಕೊನೆಗೆ ಹೋದ ಕಣ್ಣು ವಾಪಸ್ ಬರುವಾಗ ಮುಂದಿನ ಸಾಲು ತಪ್ಪಿಸಿಕೊಳ್ಳುತ್ತದೆ. ಕಾಲಂಗೆ ಮಾಡಿದ ಕಿರಿದಾದ ಅಕ್ಷರವನ್ನು ಇಡೀ ಹಾಳೆಯ ಅಗಲಕ್ಕೆ ಹರಡಿದರೆ ಹೀಗಾಗುತ್ತದೆ. ಫೈಲಿನ ಬೇಸರದ ಮೂಲ ಇದು. ನಮ್ಮ ಸುಪ್ರೀಂ ಕೋರ್ಟು 2020ರಲ್ಲಿ ಕಾಗದಪತ್ರಗಳಿಗೆ ಮಾಡಿದ ನಿಯಮ ನೋಡಿ: ಟೈಮ್ಸ್ ನ್ಯೂ ರೋಮನ್, 14 ಪಾಯಿಂಟ್, ಒಂದೂವರೆ ಪಟ್ಟು ಸಾಲಿನ ಅಂತರ, ಎಡಬಲಕ್ಕೆ 4 ಸೆಂಟಿಮೀಟರ್ ಅಂಚು. ಲೆಕ್ಕ ಹಾಕಿದರೆ ಸಾಲಿಗೆ ಅರವತ್ತು ಚಿಲ್ಲರೆ ಅಕ್ಷರ ಬರುತ್ತದೆ. ಅಕ್ಷರ ಅದೇ, ಹಾಳೆ ಅದೇ. ಓದುವ ಅನುಭವ ಮಾತ್ರ ಬೇರೆ.

ನಿಮ್ಮ ಪುಸ್ತಕ ಡೆಮಿ 1/8, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅಂಚು ಬಿಟ್ಟರೆ ಸಾಲಿನ ಅಗಲ ನಾಲ್ಕೂಕಾಲು ಇಂಚಿನ ಆಸುಪಾಸು. ಅದರಲ್ಲಿ 11.5 ಪಾಯಿಂಟಿನ ಟೈಮ್ಸ್ ಹಾಕಿದರೆ ಸಾಲಿಗೆ ಸುಮಾರು 65 ಅಕ್ಷರ. ಇದಕ್ಕಿಂತ ಒಳ್ಳೆಯ ಜೋಡಿ ಬೇಕಿಲ್ಲ. ಡೆಮಿ ಪುಸ್ತಕಕ್ಕೆ ಟೈಮ್ಸ್ ನಿಜಕ್ಕೂ ಹೊಂದುವ ಅಕ್ಷರ.

ಇನ್ನು ಕಣ್ಣಿನ ವಿಷಯ. ಸೆರಿಫ್ ಇದ್ದರೆ ಅದು ಕಣ್ಣನ್ನು ಸಾಲಿನುದ್ದಕ್ಕೂ ಕೈಹಿಡಿದು ನಡೆಸುತ್ತದೆ ಅಂತ ಒಂದು ಮಾತಿದೆ. ಸೆರಿಫ್ ಇಲ್ಲದ್ದು ಸರಳ, ಹಾಗಾಗಿ ಸುಲಭ ಅಂತ ಇನ್ನೊಂದು. ದಶಕಗಳಿಂದ ಇದರ ಮೇಲೆ ಪ್ರಯೋಗ ನಡೆದಿದೆ. ಒಂದರಲ್ಲಿ ಇದು ಮೇಲು, ಇನ್ನೊಂದರಲ್ಲಿ ಅದು ಮೇಲು, ಹಲವದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಕಣ್ಣು ಓದುವಾಗ ಗೆರೆ ಎಳೆದ ಹಾಗೆ ಜಾರುವುದೂ ಇಲ್ಲ. ಪುಟ್ಟ ಪುಟ್ಟ ಜಿಗಿತಗಳಲ್ಲಿ ಹೋಗುತ್ತದೆ, ನಡುನಡುವೆ ನಿಲ್ಲುತ್ತದೆ. ಹಾಗಾಗಿ ಸೆರಿಫ್ ಕಣ್ಣನ್ನು ಕೈಹಿಡಿದು ನಡೆಸುವ ಕಥೆಗೆ ಆಧಾರ ಇಲ್ಲ. ಯಾರು ಯಾವ ಅಕ್ಷರದಲ್ಲಿ ಓದಿ ಬೆಳೆದರೋ ಅದು ಅವರಿಗೆ ಹಿತವಾಗಿರುತ್ತದೆ. ನಿಮ್ಮ ತಂದೆಯವರ ಗೆಳೆಯರು ಓದಿದ ಇಂಗ್ಲಿಷ್ ಪಠ್ಯಪುಸ್ತಕಗಳೆಲ್ಲ ಹೆಚ್ಚುಕಡಿಮೆ ಸೆರಿಫ್ ಅಕ್ಷರದವು. ಸೆರಿಫ್ ಇಟ್ಟುಕೊಳ್ಳಲು ನನಗೆ ಆ ಒಂದು ಕಾರಣ ಸಾಕು. ಆದರೆ ಅದು ರೂಢಿಯ ಮಾತು, ವೈದ್ಯಕೀಯದ ಮಾತಲ್ಲ.

ಈ ಕಣ್ಣುನೋವಿನ ವಾದ ಎಷ್ಟು ಹಳೆಯದು ಅಂತ ತೋರಿಸುವ ಒಂದು ಪ್ರಸಂಗ ಇದೆ. 18ನೇ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ ಹೊಸ ಬಗೆಯ ಅಕ್ಷರ ಮಾಡಿಸಿದರು. ಗೆರೆಗಳು ಹೆಚ್ಚು ನಯ, ದಪ್ಪ-ತೆಳುವಿನ ವ್ಯತ್ಯಾಸ ಹೆಚ್ಚು. ಇದನ್ನು ಓದಿದರೆ ದೇಶದ ಜನರ ಕಣ್ಣೇ ಹೋಗುತ್ತದೆ ಅಂತ ಒಬ್ಬ ದೊಡ್ಡ ಮನುಷ್ಯರು ವಾದಿಸಿದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸ್ವತಃ ಮುದ್ರಕರಾಗಿದ್ದವರು. ಅವರು ಆಗ ಇನ್ನೊಬ್ಬ ಅಕ್ಷರ ಕೆತ್ತನೆಗಾರ ವಿಲಿಯಂ ಕ್ಯಾಸ್ಲನ್ ಅವರ ಅಕ್ಷರದ ಮಾದರಿ ಹಾಳೆ ತಂದು, ಹೆಸರಿದ್ದ ಮೇಲ್ಭಾಗ ಹರಿದು, ಇದು ಬಾಸ್ಕರ್‌ವಿಲ್ಲರದು ಅಂತ ಆ ದೊಡ್ಡ ಮನುಷ್ಯರ ಮುಂದಿಟ್ಟರು. ಆ ಮನುಷ್ಯರು ಅದರಲ್ಲಿ ಸಾಲುಸಾಲಾಗಿ ದೋಷ ಹುಡುಕಿದರು. ಓದಲು ಹೋದರೆ ಕಣ್ಣು ನೋಯುತ್ತದೆ ಅಂದರು. ಅವರು ಜೀವನವಿಡೀ ಓದಿಕೊಂಡು ಬಂದದ್ದು ಅದೇ ಕ್ಯಾಸ್ಲನ್ ಅಕ್ಷರವನ್ನು! ಈ ಸಂಗತಿಯನ್ನು ಫ್ರಾಂಕ್ಲಿನ್ ಅವರೇ 1760ರ ಸುಮಾರಿಗೆ ಬಾಸ್ಕರ್‌ವಿಲ್ಲರಿಗೆ ಪತ್ರ ಬರೆದು ತಿಳಿಸಿದ್ದರು.

ನೀವೂ ಈ ಪರೀಕ್ಷೆ ಮಾಡಬಹುದು. ಒಂದೇ ಪುಟವನ್ನು ಎರಡು ಮೂರು ಅಕ್ಷರದಲ್ಲಿ ಅಚ್ಚು ಹಾಕಿಸಿ, ಹೆಸರು ಹೇಳದೆ ತಂದೆಯವರ ಗೆಳೆಯರಿಗೆ ಕೊಡಿ. ಯಾವುದು ಚೆಂದ ಅಂತ ಕೇಳಬೇಡಿ. ಸಂಜೆ ಮನೆಯ ದೀಪದ ಬೆಳಕಿನಲ್ಲಿ ಒಂದೊಂದನ್ನೂ ಪೂರ್ತಿ ಓದಲಿ. ಎಲ್ಲಿ ತಡವರಿಸಿದರು, ಎಲ್ಲಿ ಹಾಳೆಯನ್ನು ಕಣ್ಣಿನ ಹತ್ತಿರ ತಂದರು ಅಂತ ನೀವು ನೋಡಿ. ವಯಸ್ಸಾದ ಕಣ್ಣಿಗೆ ಬೇಕಾದ್ದು ಮೂರು: ಅಕ್ಷರದ ಗಾತ್ರ, ಕಪ್ಪು-ಬಿಳುಪಿನ ಸ್ಪಷ್ಟ ವ್ಯತ್ಯಾಸ, ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ. ಇವು ಸರಿಯಿದ್ದರೆ ಸೆರಿಫ್ ಇದೆಯೋ ಇಲ್ಲವೋ ಅನ್ನುವುದು ಹಿಂದೆ ಸರಿಯುತ್ತದೆ.

ಈಗ ಪ್ರೂಫು ಯಾಕೆ ಮಂಕು ಅನ್ನುವುದಕ್ಕೆ ಬರೋಣ. ಒಂದು ಭೂತಗನ್ನಡಿ ತಗೊಂಡು ಇಂಗ್ಲಿಷಿನ ಸಣ್ಣ 'ಇ' ಅಕ್ಷರ ನೋಡಿ. ನಡುವೆ ಒಂದು ಅಡ್ಡಗೆರೆ ಇದೆ, ಟೈಮ್ಸ್‌ನಲ್ಲಿ ಅದು ಕೂದಲೆಳೆಯಷ್ಟು ತೆಳು. ಆ ಗೆರೆ ಪೂರ್ತಿ ಕಪ್ಪಾಗಿ, ಅಂಚು ಚೊಕ್ಕವಾಗಿ ಇದೆಯೋ? ಅಥವಾ ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿದೆಯೋ? ಅಥವಾ ನಡುವೆ ತುಂಡಾಗಿದೆಯೋ? ಈ ಮೂರಕ್ಕೂ ಕಾರಣ ಬೇರೆ ಬೇರೆ.

ಚುಕ್ಕೆ ಕಂಡರೆ, ಅಕ್ಷರದ ಕಪ್ಪು ಅಪ್ಪಟ ಕಪ್ಪಲ್ಲ. ವರ್ಡ್‌ನಂಥ ತಂತ್ರಾಂಶದಲ್ಲಿ ಕಪ್ಪು ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದ ಕಪ್ಪು. ಅದನ್ನು ಮುದ್ರಣದ ನಾಲ್ಕು ಬಣ್ಣದ ಲೆಕ್ಕಕ್ಕೆ ತಿರುಗಿಸಿದಾಗ ಕಪ್ಪು ಶಾಯಿಯ ಪಾಲು ನೂರಕ್ಕೆ ನೂರು ಉಳಿಯದೆ ಕಡಿಮೆಯಾಗುತ್ತದೆ. ನಿಮ್ಮ ಪುಸ್ತಕ ಒಂದೇ ಬಣ್ಣದಲ್ಲಿ ಅಚ್ಚಾಗುವುದರಿಂದ ಉಳಿದ ಶಾಯಿಗಳ ನೆರವೂ ಇಲ್ಲ. ಆಗ ಯಂತ್ರ ಅಕ್ಷರವನ್ನು ಬೂದು ಬಣ್ಣದ ಹಾಗೆ ಚುಕ್ಕೆಗಳಲ್ಲಿ ಹಾಕುತ್ತದೆ. ಕನ್ನಡದ ದಪ್ಪ ಗೆರೆಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ಟೈಮ್ಸ್‌ನ ತೆಳು ಗೆರೆ ಮಾತ್ರ ಸೊರಗಿಹೋಗುತ್ತದೆ. "ಎಲ್ಲ ಅಕ್ಷರವೂ ಕಪ್ಪು ಶಾಯಿ 100, ಬೇರೆ ಬಣ್ಣ ಸೊನ್ನೆ ಇರಲಿ" ಅಂತ ಡಿಟಿಪಿಯವರಿಗೆ ಹೇಳಿ. ಅವರಿಗೆ ಅರ್ಥವಾಗುತ್ತದೆ.

ಗೆರೆ ತುಂಡಾಗಿದ್ದರೆ ಅಥವಾ ಅಂಚು ಮೆಟ್ಟಿಲು ಮೆಟ್ಟಿಲಾಗಿದ್ದರೆ, ಪುಟವನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಕಳಿಸಿದ್ದಾರೆ. ಕನ್ನಡ ಫಾಂಟ್ ಬೇರೆ ಕಂಪ್ಯೂಟರಿನಲ್ಲಿ ಕೆಡುತ್ತದೆ ಅನ್ನುವ ಭಯಕ್ಕೆ ಪುಟಗಳನ್ನು ಜೆಪೆಗ್ ಮಾಡಿ ಕೊಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಸೆರಿಫ್ ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಪಾದಗಳೆಲ್ಲ ಸವೆದುಹೋಗುತ್ತವೆ. ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಕೊಟ್ಟರೆ ಆ ಭಯವೂ ಇಲ್ಲ, ಈ ನಷ್ಟವೂ ಇಲ್ಲ.

ಎಲ್ಲ ಚೊಕ್ಕವಾಗಿಯೇ ಇದ್ದು, ಆದರೂ ತೆಳುವಾಗಿ ಕಂಡರೆ ಆಗ ಟೈಮ್ಸ್‌ನ ಸ್ವಭಾವದ ಮಾತು ಬರುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಒಂದೊಂದು ಅಳತೆಗೂ ಬೇರೆ ಬೇರೆ ಮೊಳೆ ಇರುತ್ತಿತ್ತು. ಚಿಕ್ಕ ಅಳತೆಯ ಮೊಳೆಯನ್ನು ಸ್ವಲ್ಪ ಅಗಲವಾಗಿ, ಗೆರೆ ಗಟ್ಟಿಯಾಗಿ ಮಾಡುತ್ತಿದ್ದರು. ದೊಡ್ಡದನ್ನು ನಾಜೂಕಾಗಿ ಮಾಡುತ್ತಿದ್ದರು. ಅದರ ಮೇಲೆ, ಮೊಳೆ ಕಾಗದವನ್ನು ಒತ್ತುವಾಗ ಶಾಯಿ ಅಂಚಿನಿಂದ ಆಚೆಗೆ ಒಂದಿಷ್ಟು ಹರಡುತ್ತಿತ್ತು. ಟೈಮ್ಸ್‌ನ ತೆಳು ಗೆರೆ ಆ ಹರಡುವಿಕೆಯನ್ನು ನಂಬಿಕೊಂಡೇ ಬರೆದದ್ದು. ಕಂಪ್ಯೂಟರಿನಲ್ಲಿ ಇರುವುದು ಒಂದೇ ಆಕಾರ. 8 ಪಾಯಿಂಟಿಗೂ 48 ಪಾಯಿಂಟಿಗೂ ಅದನ್ನೇ ಹಿಗ್ಗಿಸಿ ಕುಗ್ಗಿಸುತ್ತದೆ. ಇವತ್ತಿನ ಆಫ್‌ಸೆಟ್ಟಿನಲ್ಲಿ ಒತ್ತುವಿಕೆ ಇಲ್ಲ. 300 ಪ್ರತಿಯ ಕೆಲಸ ಸಾಮಾನ್ಯವಾಗಿ ಡಿಜಿಟಲ್ ಯಂತ್ರಕ್ಕೆ ಹೋಗುತ್ತದೆ. ಅಲ್ಲಿ ಪುಡಿ ಶಾಯಿ ಕಾಗದದ ಮೇಲೆಯೇ ಕೂರುತ್ತದೆ, ಹೀರಿ ಹರಡುವುದಿಲ್ಲ. ಹಾಗಾಗಿ 9-10 ಪಾಯಿಂಟಿನ ಟೈಮ್ಸ್ ಇವತ್ತು ತನ್ನ ಹುಟ್ಟಿನ ಕಾಲಕ್ಕಿಂತ ಬಡಕಲಾಗಿ ಕಾಣುತ್ತದೆ. ಅಡಿಟಿಪ್ಪಣಿಗೆ ಇನ್ನೂ ಚಿಕ್ಕದು ಹಾಕಿದ್ದರೆ ಮೊದಲು ಅದನ್ನು ದೊಡ್ಡದು ಮಾಡಿಸಿ.

ಇನ್ನೊಂದು ಕಾರಣ ಪಕ್ಕದ ಕನ್ನಡ. ಕನ್ನಡದ ಹೆಚ್ಚಿನ ಫಾಂಟುಗಳಲ್ಲಿ ಗೆರೆಯ ದಪ್ಪ ಅಷ್ಟಾಗಿ ಏರಿಳಿಯುವುದಿಲ್ಲ. ತಲೆಕಟ್ಟು, ಹೊಟ್ಟೆ, ಸುತ್ತು ಎಲ್ಲ ಹೆಚ್ಚುಕಡಿಮೆ ಒಂದೇ ದಪ್ಪ. ಅದರ ಪಕ್ಕ ಟೈಮ್ಸ್ ನಿಂತರೆ ಯಾವಾಗಲೂ ಸೊರಗಿದ ಹಾಗೆ ಕಾಣುತ್ತದೆ. ಇಂಗ್ಲಿಷ್ ಪುಟವನ್ನು ಬಿಡಿಯಾಗಿ ನೋಡಿದರೆ ಅಷ್ಟೊಂದು ತೆಳು ಅನ್ನಿಸುವುದಿಲ್ಲ, ಬೇಕಿದ್ದರೆ ಕನ್ನಡದ ಸಾಲು ಮುಚ್ಚಿ ನೋಡಿ. ಎರಡು ಲಿಪಿಗೂ ಒಂದೇ ಪಾಯಿಂಟ್ ಕೊಟ್ಟರೆ ಸಮ ಆಗುತ್ತದೆ ಅನ್ನುವುದು ತಪ್ಪು ಲೆಕ್ಕ. ಪಾಯಿಂಟ್ ಅಳೆಯುವುದು ಅಕ್ಷರ ಕೂರುವ ಚೌಕಟ್ಟನ್ನು, ಅಕ್ಷರವನ್ನಲ್ಲ. ಕನ್ನಡಕ್ಕೆ ಕೆಳಗೆ ಒತ್ತಕ್ಷರಕ್ಕೂ ಮೇಲೆ ಗುಣಿತದ ಚಿಹ್ನೆಗೂ ಜಾಗ ಬೇಕು, ಹಾಗಾಗಿ ಚೌಕಟ್ಟಿನೊಳಗೆ ಅಕ್ಷರ ಎಷ್ಟು ತುಂಬಿದೆ ಅನ್ನುವುದು ಫಾಂಟಿನಿಂದ ಫಾಂಟಿಗೆ ಬದಲಾಗುತ್ತದೆ. ಕಣ್ಣಳತೆಯೇ ದಾರಿ. ಕನ್ನಡದ 'ನ' ಅಥವಾ 'ರ' ಪಕ್ಕ ಇಂಗ್ಲಿಷಿನ ಸಣ್ಣ 'ಎನ್' ಇಟ್ಟು, ಇಂಗ್ಲಿಷನ್ನು ಅರ್ಧರ್ಧ ಪಾಯಿಂಟ್ ಏರಿಸುತ್ತ ಹೋಗಿ. ಎರಡೂ ಒಂದೇ ದನಿಯಲ್ಲಿ ಮಾತಾಡುವ ಹಾಗೆ ಕಂಡಲ್ಲಿ ನಿಲ್ಲಿಸಿ. ಎರಡು ಲಿಪಿಯನ್ನು ಒಂದೇ ಸಾಲಿನಲ್ಲಿ ಕೂರಿಸುವ ಕೆಲಸ ನಮಗೆ ಹೊಸದಲ್ಲ. 1894ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಪ್ರಕಟಿಸಿದ ಕಿಟ್ಟೆಲ್ ನಿಘಂಟಿನಲ್ಲಿ ಕನ್ನಡ ಪದ, ಇಂಗ್ಲಿಷ್ ಅರ್ಥ ಅಕ್ಕಪಕ್ಕದಲ್ಲೇ ಬರುತ್ತವೆ. ಸಾವಿರಾರು ಪದಗಳಿಗೆ ಅದನ್ನು ಮೊಳೆ ಜೋಡಿಸಿ ಮಾಡಿದ್ದು. ಎಲ್ಲಾದರೂ ಹಳೆಯ ಪ್ರತಿ ಸಿಕ್ಕರೆ ಒಂದು ಪುಟ ನೋಡಿ, ಕಣ್ಣಿಗೆ ಅಳತೆ ಸಿಗುತ್ತದೆ.

ಫಾಂಟ್ ಮುಟ್ಟಿದರೆ ಕೆಡುತ್ತದೆ ಅನ್ನುವ ಡಿಟಿಪಿಯವರ ಮಾತನ್ನು ನೆಪ ಅಂದುಕೊಳ್ಳಬೇಡಿ. ನುಡಿಯ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಹಳೆಯ ಸಂಕೇತಪಟ್ಟಿ) ಫಾಂಟುಗಳಲ್ಲಿ ಇರುವುದು ಕನ್ನಡ ಅಂತ ಕಂಪ್ಯೂಟರಿಗೆ ಗೊತ್ತೇ ಇರುವುದಿಲ್ಲ. ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನೇ ಇಟ್ಟುಕೊಂಡಿರುತ್ತದೆ. ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ ಅಷ್ಟೆ. ಇಡೀ ಪುಸ್ತಕವನ್ನು ಆಯ್ಕೆ ಮಾಡಿ ಬೇರೆ ಇಂಗ್ಲಿಷ್ ಫಾಂಟ್ ಕೊಟ್ಟರೆ ಗಾದೆಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಹಾಗಂತ ಬದಲಿಸಲು ಆಗುವುದೇ ಇಲ್ಲ ಅಂತಲ್ಲ. ಇಂಗ್ಲಿಷ್ ಭಾಗಕ್ಕೆ ಪ್ರತ್ಯೇಕ ಸ್ಟೈಲ್ ಕೊಟ್ಟು ಮಾಡಿದ್ದರೆ ಆ ಸ್ಟೈಲನ್ನು ಮಾತ್ರ ಬದಲಿಸಬಹುದು. ಇಲ್ಲವಾದರೆ, ಟೈಮ್ಸ್ ಇರುವ ಕಡೆ ಮಾತ್ರ ಹುಡುಕಿ ಬದಲಿಸುವ ಸೌಕರ್ಯ ಪುಟ ಜೋಡಿಸುವ ತಂತ್ರಾಂಶಗಳಾದ ಪೇಜ್‌ಮೇಕರ್, ಇನ್‌ಡಿಸೈನ್, ಹಾಗೇ ವರ್ಡ್ ಎಲ್ಲದರಲ್ಲೂ ಇದೆ. ಒಂದು ಅಧ್ಯಾಯದ ನಕಲು ಪ್ರತಿಯಲ್ಲಿ ಮಾಡಿ ನೋಡಲಿ.

ಹಾಗಾದರೆ ಏನೇನು ದಾರಿ ಇದೆ? ನಾನು ನಿಮ್ಮ ಜಾಗದಲ್ಲಿದ್ದರೆ ಟೈಮ್ಸ್ ಇಟ್ಟುಕೊಂಡೇ ಸರಿಪಡಿಸುತ್ತಿದ್ದೆ. ಇಂಗ್ಲಿಷ್ 11.5 ಅಥವಾ 12 ಪಾಯಿಂಟ್, ಸಾಲಿಂದ ಸಾಲಿಗೆ 15-16 ಪಾಯಿಂಟ್, ಅಪ್ಪಟ ಕಪ್ಪು. ಇದರಲ್ಲಿ ಅಪಾಯ ಕಡಿಮೆ. ಗಾತ್ರ ಏರಿಸಿದ್ದರಿಂದ ಕೆಲವು ಪುಟ ಹೆಚ್ಚಾಗಬಹುದು, ಅಷ್ಟೆ. ಪುಟ ಹೆಚ್ಚಾದರೆ ಗಾದೆಗಳ ಅಕಾರಾದಿಯ ಪುಟಸಂಖ್ಯೆ ಮತ್ತೆ ತಾಳೆ ನೋಡಬೇಕು. ಇದನ್ನು ಮರೆಯುವವರೇ ಜಾಸ್ತಿ.

ಟೈಮ್ಸ್ ಬೇಡವೇ ಬೇಡ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದರೆ ಚಾರಿಸ್ ಎಂಬ ಅಕ್ಷರ ನೋಡಿ. ಮ್ಯಾಥ್ಯೂ ಕಾರ್ಟರ್ 1987ರಲ್ಲಿ ಮಾಡಿದ ಚಾರ್ಟರ್ ಎಂಬ ಅಕ್ಷರ ಇದರ ತಳಹದಿ. ಆ ಕಾಲದ ಕಡಿಮೆ ಸಾಮರ್ಥ್ಯದ ಪ್ರಿಂಟರುಗಳಲ್ಲೂ ಕೆಡಬಾರದು ಅಂತ ಮಾಡಿದ್ದರಿಂದ ಅದರ ಗೆರೆ ಗಟ್ಟಿ, ಸೆರಿಫ್ ದಪ್ಪ. ಕನ್ನಡದ ಪಕ್ಕ ಕುಗ್ಗುವುದಿಲ್ಲ. ಉಚಿತ. ಆದರೆ ಅಗಲ ಹೆಚ್ಚು, ಪುಟ ಟೈಮ್ಸ್‌ಗಿಂತ ಚೆನ್ನಾಗಿಯೇ ಹೆಚ್ಚುತ್ತದೆ. ನಿಮ್ಮ ತಂದೆಯವರು ಗಾದೆಗಳನ್ನು ಇಂಗ್ಲಿಷ್ ಲಿಪಿಯಲ್ಲೂ ಬರೆದಿದ್ದು, ದೀರ್ಘಕ್ಕೆ ಮೇಲೆ ಗೆರೆ, ಟ-ಣ-ಳಗಳಿಗೆ ಕೆಳಗೆ ಚುಕ್ಕೆ ಹಾಕಿದ್ದರೆ ಚಾರಿಸ್, ಜೆಂಟಿಯಮ್ ಎಂಬ ಇನ್ನೊಂದು ಫಾಂಟ್, ಎರಡೂ ಒಳ್ಳೆಯ ಆಯ್ಕೆ. ಈಗಿನ ವಿಂಡೋಸಿನ ಟೈಮ್ಸ್‌ನಲ್ಲೂ ಆ ಚುಕ್ಕೆಯ ಅಕ್ಷರಗಳಿವೆ. ಮೈಕ್ರೋಸಾಫ್ಟ್ ಆಫೀಸಿನ ಜೊತೆ ಬರುವ ಗ್ಯಾರಮಾಂಡಿನಲ್ಲಿ ಅವು ಇಲ್ಲ. ಅಲ್ಲಿ ತಂತ್ರಾಂಶ ಆ ಒಂದು ಅಕ್ಷರವನ್ನು ಮಾತ್ರ ಬೇರೆ ಫಾಂಟಿನಿಂದ ತಂದು ತುರುಕುತ್ತದೆ. ಪದದ ನಡುವೆ ಒಂದಕ್ಷರ ಪರಕೀಯವಾಗಿ ಎದ್ದು ಕಾಣುತ್ತದೆ.

ಗ್ಯಾರಮಾಂಡ್ ಸುಂದರ ಅಕ್ಷರ. 16ನೇ ಶತಮಾನದ ಫ್ರಾನ್ಸಿನ ಕ್ಲಾಡ್ ಗ್ಯಾರಮಾಂಡ್ ಅವರ ಕೆಲಸದಿಂದ ಬಂದದ್ದು. ಇಂಗ್ಲಿಷ್ ಕಾದಂಬರಿಗಳಲ್ಲಿ ನನಗೂ ಇಷ್ಟ. ಆದರೆ ಅದರ ಸಣ್ಣಕ್ಷರಗಳ ಹೊಟ್ಟೆ ಚಿಕ್ಕದು. 11 ಪಾಯಿಂಟಿನ ಗ್ಯಾರಮಾಂಡ್ ಓದುವವರಿಗೆ 10 ಪಾಯಿಂಟಿನ ಟೈಮ್ಸ್‌ನಷ್ಟೇ ಕಾಣುತ್ತದೆ. ಬಣ್ಣವೂ ತಿಳಿ. ಎಪ್ಪತ್ತು ದಾಟಿದ ಓದುಗರು, ಪಕ್ಕದಲ್ಲಿ ಗಟ್ಟಿ ಕನ್ನಡ ಇರುವ ನಿಮ್ಮ ಪುಸ್ತಕಕ್ಕೆ ಇದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸೆರಿಫ್ ಇಲ್ಲದ ಅಕ್ಷರ ಕನ್ನಡಕ್ಕೆ ದಪ್ಪದಲ್ಲಿ ಚೆನ್ನಾಗಿ ಹೊಂದುತ್ತದೆ, ಅಣ್ಣನ ಮಗನ ಮಾತಿನಲ್ಲಿ ಆ ಸತ್ಯ ಇದೆ. ಅಧ್ಯಾಯದ ತಲೆಬರಹಕ್ಕೆ, ಫೋಟೋ ಕೆಳಗಿನ ಸಾಲಿಗೆ ಅದನ್ನು ಧಾರಾಳವಾಗಿ ಬಳಸಿ.

ಕನ್ನಡವನ್ನೂ ಯೂನಿಕೋಡ್ (ಪ್ರತಿ ಲಿಪಿಗೂ ಅದರದೇ ಸಂಕೇತ ಇರುವ ಪದ್ಧತಿ) ಮಾಡಿ, ತಿರೋ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ಎಂಬ ಫಾಂಟ್ ಬಳಸುವುದು ಇನ್ನೊಂದು ದಾರಿ. ಮುಂದೆ ಇ-ಪುಸ್ತಕ ಮಾಡುವ ಯೋಚನೆ ಇದ್ದರೆ ಇವತ್ತಲ್ಲ ನಾಳೆ ಇದನ್ನು ಮಾಡಲೇಬೇಕು. ಆದರೆ ಅಪಾಯವೂ ಇದರಲ್ಲೇ ಹೆಚ್ಚು. ಪರಿವರ್ತಕ ತಂತ್ರಾಂಶಗಳು ನಡುವಿನ ಇಂಗ್ಲಿಷನ್ನೂ ಕನ್ನಡ ಅಂದುಕೊಂಡು ತಿರುಗಿಸಿಬಿಡುತ್ತವೆ. ಅರ್ಕಾವತ್ತು, ಅಪರೂಪದ ಒತ್ತಕ್ಷರಗಳು ತಪ್ಪುತ್ತವೆ. ಪೇಜ್‌ಮೇಕರಿನಲ್ಲಿ ಯೂನಿಕೋಡ್ ಕನ್ನಡ ನಡೆಯುವುದೇ ಇಲ್ಲ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಅಂದರೆ 240 ಪುಟವನ್ನೂ ಮೊದಲಿನಿಂದ ಕರಡು ತಿದ್ದಬೇಕು. ಬಿಡುಗಡೆಯ ದಿನ ಹತ್ತಿರ ಇದ್ದರೆ ಈಗ ಕೈಹಾಕಬೇಡಿ.

ಬೋಲ್ಡ್ ಬಗ್ಗೆ ಒಂದು ಮಾತು. ತೆಳು ಕಂಡಿತು ಅಂತ ವಿವರಣೆಯನ್ನೆಲ್ಲ ಟೈಮ್ಸ್ ಬೋಲ್ಡ್ ಮಾಡಿಸಬೇಡಿ. ಟೈಮ್ಸ್‌ನ ಬೋಲ್ಡ್ ಅದರ ಮಾಮೂಲಿ ಅಕ್ಷರವನ್ನೇ ದಪ್ಪ ಮಾಡಿದ್ದಲ್ಲ, ವಿನ್ಯಾಸವೇ ಬೇರೆ. ಸಣ್ಣ ಬಿ, ಡಿ, ಎಚ್ ಅಕ್ಷರಗಳ ಕೊಂಬಿನ ತುದಿ ನೋಡಿ: ಮಾಮೂಲಿಯಲ್ಲಿ ಓರೆಯಾಗಿದೆ, ಬೋಲ್ಡ್‌ನಲ್ಲಿ ಮಟ್ಟವಾಗಿದೆ. ಅದು ತಲೆಬರಹದ ಅಕ್ಷರ, ಪುಟಗಟ್ಟಲೆ ಓದಲು ಆಗುವುದಿಲ್ಲ. ಟೈಮ್ಸ್‌ನ ಇಟಾಲಿಕ್ ಮಾತ್ರ ಚೆನ್ನಾಗಿದೆ, ಬೇಕಾದ ಕಡೆ ಬಳಸಿ. ಕನ್ನಡವನ್ನು ಮಾತ್ರ ಹಾಗೆ ಓರೆ ಮಾಡಿಸಬೇಡಿ. ನಮ್ಮ ಲಿಪಿಗೆ ಆ ರೂಢಿ ಇಲ್ಲ. ತಂತ್ರಾಂಶ ಸುಮ್ನೆ ವಾಲಿಸುತ್ತದೆ, ದುಂಡು ಅಕ್ಷರಗಳು ಸೊಟ್ಟಗಾಗುತ್ತವೆ.

ದುಡ್ಡು ಕಟ್ಟುವ ಭಯ ಬಿಡಿ. ವಿಂಡೋಸಿನ ಜೊತೆ ಬಂದ ಟೈಮ್ಸ್ ನ್ಯೂ ರೋಮನ್ ಬಳಸಿ ಅಚ್ಚು ಹಾಕಿ, ಆ ಪುಸ್ತಕ ಮಾರಲು ಮೈಕ್ರೋಸಾಫ್ಟ್ ತಡೆಯುವುದಿಲ್ಲ. ವಿಂಡೋಸ್ ಅಸಲಿಯಾಗಿರಬೇಕು, ಮನೆ ಅಥವಾ ವಿದ್ಯಾರ್ಥಿಗಳ ಬಳಕೆಗೆ ಮಾತ್ರ ಅಂತ ಕೊಟ್ಟ ತಂತ್ರಾಂಶದಲ್ಲಿ ಮಾಡಿರಬಾರದು. ಮುದ್ರಣಕ್ಕೆ ಪಿಡಿಎಫ್‌ನೊಳಗೆ ಸೇರಿಸುವುದಕ್ಕೂ ಅಡ್ಡಿ ಇಲ್ಲ. ಮಾಡಬಾರದ್ದು ಎರಡು: ಫಾಂಟಿನ ಫೈಲನ್ನೇ ಇನ್ನೊಬ್ಬರಿಗೆ ಹಂಚುವುದು, ಬೇರೆ ಪರವಾನಗಿ ಇಲ್ಲದೆ ಇ-ಪುಸ್ತಕದ ಫೈಲಿನೊಳಗೆ ಅದನ್ನು ಇಟ್ಟು ಮಾರುವುದು. ಇ-ಪುಸ್ತಕಕ್ಕೆ ಚಾರಿಸ್ ಅಥವಾ ಲಿಬರೇಷನ್ ಸೆರಿಫ್ ಎಂಬ ಫಾಂಟ್ ಬಳಸಿ, ಎರಡೂ ಮುಕ್ತ. ಲಿಬರೇಷನ್ ಸೆರಿಫ್‌ನ ಅಕ್ಷರಗಳ ಅಗಲ ಟೈಮ್ಸ್‌ನಷ್ಟೇ ಇರುವುದರಿಂದ ಸಾಲುಗಳು ಮುರಿಯುವ ಜಾಗವೂ ಬದಲಾಗುವುದಿಲ್ಲ. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಟೈಮ್ಸ್ ಇಲ್ಲದಿದ್ದರೂ ಅದು ಕೈಹಿಡಿಯುತ್ತದೆ.

ಒಪ್ಪಿಗೆ ಕೊಡುವ ಮೊದಲು ಎರಡು ಕೆಲಸ ಮಾಡಿ. ಆಫೀಸಿನ ಪ್ರಿಂಟರಿನ ಪ್ರೂಫ್ ನೋಡಿ ನಿರ್ಧರಿಸಬೇಡಿ. ಪುಸ್ತಕಕ್ಕೆ ಹಾಕುವ ಅದೇ ಮ್ಯಾಪ್‌ಲಿಥೋ ಕಾಗದದಲ್ಲಿ, ಅಚ್ಚು ಹಾಕುವ ಅದೇ ಯಂತ್ರದಲ್ಲಿ ನಾಲ್ಕು ಪುಟ ತೆಗೆಸಿಕೊಳ್ಳಿ. ಕಾಗದ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಆಗಿದ್ದರೆ ಹಿಂಬದಿಯ ಅಕ್ಷರ ಇಣುಕುತ್ತದೆಯೇ ಅಂತಲೂ ನೋಡಿ, ಇಣುಕಿದರೆ 80ಕ್ಕೆ ಹೋಗಿ. ಇಣುಕುವ ಕಾಗದದ ಮೇಲೆ ತೆಳು ಗೆರೆಯ ಅಕ್ಷರ ಎಷ್ಟು ದೊಡ್ಡದಿದ್ದರೂ ಮಂಕಾಗುತ್ತದೆ. ಆಮೇಲೆ ಕೊನೆಯ ಪಿಡಿಎಫ್ ತೆರೆದು, ಪ್ರಾಪರ್ಟೀಸ್‌ಗೆ ಹೋಗಿ ಫಾಂಟ್ಸ್ ಪಟ್ಟಿ ನೋಡಿ. ನುಡಿಯ ಫಾಂಟು, ಟೈಮ್ಸ್, ಬಳಸಿದ್ದೆಲ್ಲ ಅಲ್ಲಿರಬೇಕು, ಪ್ರತಿಯೊಂದರ ಮುಂದೆಯೂ 'ಎಂಬೆಡೆಡ್' ಅಂತ ಇರಬೇಕು. ಪಟ್ಟಿ ಖಾಲಿ ಇದ್ದರೆ ಪುಟಗಳು ಚಿತ್ರವಾಗಿವೆ ಅಥವಾ ಅಕ್ಷರಗಳನ್ನು ಬರೀ ಆಕಾರವಾಗಿ ತಿರುಗಿಸಿದ್ದಾರೆ ಅಂತ ಅರ್ಥ. ಆಗ ಪ್ರೆಸ್ಸಿಗೆ ಬಿಡದೆ ಫೈಲನ್ನು ಡಿಟಿಪಿಯವರಿಗೆ ವಾಪಸ್ ಕಳಿಸಿ.